ಘಾಟಿ ಇಳಿದ ಮೇಲೆ ಕೊಡೆಯೊಂದೇ ಸಾಲದು

ಮಗಳನ್ನೋ ಮಗನನ್ನೋ ಕರಾವಳಿಯ ಕಾಲೇಜಿಗೆ ಸೇರಿಸಿದ್ದೀರಾ? ಹಾಗಾದರೆ ಒಲೆ ಮೇಲಿನ ಹಾಲು ಇಳಿಸಿಟ್ಟು ಐದು ನಿಮಿಷ ಇದನ್ನು ಓದಿ. ಹಾಸಿಗೆ, ಬಕೆಟ್ಟು, ಚಟ್ನಿಪುಡಿ, ಚಕ್ಕುಲಿ ಎಲ್ಲ ಕಟ್ಟಿದ್ದಾಯಿತು. ಮಳೆಗೆ ಏನು ಕಟ್ಟಿದ್ದೀರಿ?

ನಮ್ಮ ದಾವಣಗೆರೆ ಕಡೆ ವರ್ಷಕ್ಕೆಲ್ಲ ಸೇರಿ 600-700 ಮಿ.ಮೀ. ಮಳೆಯಾದರೆ ಹೊಲದವರ ಮುಖ ಅರಳುತ್ತದೆ. ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ದಾಟುತ್ತದಂತೆ! ಅರಬ್ಬಿ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟಕ್ಕೆ ಅಡ್ಡಬಿದ್ದು, ಮೇಲೇರಿ, ತಣ್ಣಗಾಗಿ ಅಲ್ಲೇ ಸುರಿದುಬಿಡುತ್ತದೆ. ಬಯಲುಸೀಮೆಗೆ ಬರುವಷ್ಟರಲ್ಲಿ ಉಳಿಯುವುದು ಹನಿ ಮಾತ್ರ.

ಮಗಳನ್ನು ಮಣಿಪಾಲಕ್ಕೆ ಬಿಡಲು ಹೋದದ್ದು ಜುಲೈ ತಿಂಗಳಲ್ಲಿ. ಶಿವಮೊಗ್ಗ ದಾಟಿ ತೀರ್ಥಹಳ್ಳಿಗೆ ಬಂದರೆ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಆಗುಂಬೆ ಘಾಟಿಯಲ್ಲಿ ಓಡಾಡುವುದು ಸಣ್ಣ ಬಸ್ಸುಗಳೇ. ತಿರುವು ತಿರುವಿಗೂ ಬಂಡೆಗಳ ಮೇಲಿಂದ ನೀರು ಧುಮುಕುತ್ತಿತ್ತು, ಮಂಜಿನಲ್ಲಿ ಮುಂದಿನ ರಸ್ತೆಯೇ ಕಾಣದು. ಸೋಮೇಶ್ವರ, ಹೆಬ್ರಿ ಕಳೆದು ಮಣಿಪಾಲದಲ್ಲಿ ಇಳಿದಾಗ ಮಳೆ ನೆಟ್ಟಗೆ ಬೀಳುತ್ತಿರಲಿಲ್ಲ ನೋಡಿ, ಅಡ್ಡಡ್ಡ ಹೊಡೆಯುತ್ತಿತ್ತು. ಊರು ಇರುವುದು ದಿಬ್ಬದ ಮೇಲೆ, ಸಮುದ್ರ ದೂರವಿಲ್ಲ. ಗಾಳಿಗೆ ನಮ್ಮ ಯಜಮಾನರ ಕೊಡೆ ತಿರುವುಮುರುವಾಗಿ ಕೈಯಲ್ಲಿ ಹಿಡಿಕೆ ಅಷ್ಟೇ ಉಳಿಯಿತು. ಸುತ್ತ ನೋಡಿದರೆ ಹುಡುಗ ಹುಡುಗಿಯರು ಹಳದಿ, ನೀಲಿ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಟೋಪಿ ಎಳೆದುಕೊಂಡು, ಎರಡೂ ಕೈ ಬೀಸಿಕೊಂಡು ಹೊರಟಿದ್ದರು.

ಇದೇನೂ ಹೊಸ ಯುಕ್ತಿಯಲ್ಲ. ಮಲೆನಾಡಿನಲ್ಲಿ ನಾಟಿ ಮಾಡುವ ಹೆಂಗಸರು ಕಂಬಳಿ ಕೊಪ್ಪೆ ಹಾಕುತ್ತಿದ್ದರು. ಬಿದಿರು, ಎಲೆಗಳಿಂದ ಹೆಣೆದ ಗೊರಬು ಹೊದೆಯುತ್ತಿದ್ದರು. ಬಗ್ಗಿದರೂ ಬೆನ್ನು ನೆನೆಯದು, ಕೈ ಎರಡೂ ಕೆಲಸಕ್ಕೆ ಬಿಡುವು. ಇಂದಿನ ಜಾಕೆಟ್ ಮಾಡುವುದೂ ಅದನ್ನೇ ಅಲ್ಲವೇ?

ನಮ್ಮ ಮನೆಯಲ್ಲಿ ಚರ್ಚೆ ಆಗದೇ ಇರುತ್ತದೆಯೇ? “ಅಣ್ಣನ ಹಳೇ ರೇನ್‌ಕೋಟ್ ಇದೆಯಲ್ಲ, ಸಾಕು” ಎಂದರು ಯಜಮಾನರು. “ಅದನ್ನ ಹಾಕ್ಕೊಂಡ್ರೆ ಬೆದರುಗೊಂಬೆ ಥರ ಕಾಣ್ತೀನಪ್ಪಾ” ಎಂದಳು ಮಗಳು. ಇದನ್ನು ಬರೀ ಶೋಕಿ ಅನ್ನಬೇಡಿ. ಮನಸ್ಸಿಗೆ ಬಾರದ ಕೋಟು ಹಾಸ್ಟೆಲಿನ ಮೊಳೆಗೆ ನೇತಾಡುತ್ತದೆ, ಮಗು ನೆನೆಯುತ್ತದೆ. ಹೆಣ್ಣುಮಕ್ಕಳಿಗಂತೂ ಒದ್ದೆ ಬಟ್ಟೆ ಮೈಗೆ ಅಂಟಿದರೆ ತರಗತಿಯಲ್ಲಿ ಕೂರುವುದೇ ಹಿಂಸೆ. ಎಷ್ಟೋ ಹುಡುಗಿಯರು ಆ ಸಂಕೋಚಕ್ಕೇ ಪಾಠ ಬಿಟ್ಟು ರೂಮಿಗೆ ಮರಳುತ್ತಾರೆ. ಮಗನಿಗೆ ಹೊಸದು ಕೊಂಡಿದ್ದ ಮನೆಯಲ್ಲಿ ಮಗಳಿಗೆ ಹಳೆಯದೇಕೆ ಎಂದು ನಾನೂ ಕೇಳಿದೆ. 1,200 ರೂಪಾಯಿಗೆ ಅವಳೇ ಆರಿಸಿದಳು. ಹೊಲಿಗೆ ನೋಡುವ ಕೆಲಸ ನನ್ನದಾಯಿತು.

ಕೊಳ್ಳುವಾಗ ಇವನ್ನು ಗಮನಿಸಿ:

ಮೊದಲು ಒಳಮಗ್ಗುಲು ತಿರುಗಿಸಿ. ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿರಬೇಕು. ಇಲ್ಲದಿದ್ದರೆ ಬಟ್ಟೆ ಎಷ್ಟು ಚೆನ್ನಾಗಿದ್ದರೂ ಸೂಜಿ ತೂತಿನಿಂದ ನೀರು ಇಳಿಯುತ್ತದೆ. ‘ವಾಟರ್ ರೆಸಿಸ್ಟೆಂಟ್’ ಎಂದು ಬರೆದದ್ದು ತುಂತುರಿಗೆ ಸರಿ, ಕರಾವಳಿಗೆ ‘ವಾಟರ್‌ಪ್ರೂಫ್’ ಬೇಕು. ಬರೀ ಪ್ಲಾಸ್ಟಿಕ್ ಕೋಟಿನಲ್ಲಿ ಒಳಗಿನ ಬೆವರಿಗೇ ಮೈ ಒದ್ದೆಯಾಗುತ್ತದೆ. ಒಳಗೆ ಲೇಪನವಿರುವ ನೈಲಾನ್ ಅಥವಾ ಪಾಲಿಯೆಸ್ಟರ್ ಹಗುರ. ಕಂಕುಳಲ್ಲಿ, ಬೆನ್ನಲ್ಲಿ ಗಾಳಿಯಾಡಲು ಕಿಂಡಿ ಇದ್ದರೆ ಇನ್ನೂ ಮೇಲು.

ಜಿಪ್ಪಿನ ಮೇಲೆ ಮುಚ್ಚುಪಟ್ಟಿ, ಟೋಪಿಗೆ ಎಳೆದು ಕಟ್ಟುವ ದಾರ, ಮುಂಗೈಯಲ್ಲಿ ಬಿಗಿ ಮಾಡುವ ಪಟ್ಟಿ ಇರಲಿ. ಉದ್ದ ಸೊಂಟದ ಕೆಳಗೆ ಬರಲಿ; ಒಳಗೆ ಸ್ವೆಟರ್ ಹಿಡಿಸುವಂತೆ ಒಂದು ಅಳತೆ ದೊಡ್ಡದೇ ತನ್ನಿ. ಕಪ್ಪು ಬಣ್ಣ ಚೆಂದವೇ, ಆದರೆ ಮಬ್ಬು ಮಳೆಯಲ್ಲಿ ವಾಹನದವರಿಗೆ ಕಾಣಿಸದು. ಹಳದಿ, ಕಿತ್ತಳೆ ಒಳ್ಳೆಯದು, ಬೆನ್ನಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಇದ್ದರಂತೂ ನಿಶ್ಚಿಂತೆ. ಪುಸ್ತಕದ ಚೀಲಕ್ಕೆ ಬೇರೆ ಹೊದಿಕೆ ಬೇಕೇ ಬೇಕು. ಜೀನ್ಸ್ ನೆನೆದರೆ ಎರಡು ದಿನವಾದರೂ ಒಣಗದು, ತೆಳು ಬಟ್ಟೆಯ ಪ್ಯಾಂಟೇ ವಾಸಿ.

ಇನ್ನು ಕಾಪಾಡುವ ಬಗೆ. ಹೆಸರು ಹೊಲಿಯಬೇಡಿ, ಪಿನ್ನು ಚುಚ್ಚಬೇಡಿ. ಒಂದೊಂದು ತೂತೂ ಒಂದೊಂದು ಸೋರುವ ಜಾಗ. ಹೆಸರನ್ನು ಒಳಗಿನ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆದರೆ ಸಾಕು. ತಣ್ಣೀರಿನಲ್ಲಿ ಸ್ವಲ್ಪವೇ ಸೋಪು ಹಾಕಿ ಕೈಯಲ್ಲಿ ಒಗೆಯಿರಿ. ಬ್ರಷ್ ಉಜ್ಜುವುದು, ಹಿಂಡುವುದು, ಇಸ್ತ್ರಿ ಮಾಡುವುದು ಬೇಡ. ಒದ್ದೆಯಿದ್ದಾಗ ಮಡಿಸಿಟ್ಟರೆ ಬೂಷ್ಟು ಹಿಡಿದು ಕಮಟು ವಾಸನೆ ಬರುತ್ತದೆ. ಹ್ಯಾಂಗರಿಗೆ ಹಾಕಿ ಫ್ಯಾನಿನ ಕೆಳಗೆ ಆರಿಸುವಂತೆ ಮಕ್ಕಳಿಗೆ ಹೇಳಿಕೊಡಿ.

ಕರಾವಳಿಯಲ್ಲಿ ಮಳೆ ಹಿಡಿಯುವುದು ಜೂನ್ ಮೊದಲ ವಾರದ ಹೊತ್ತಿಗೆ. ಅಂಗಡಿಯಲ್ಲಿ ನೂಕುನುಗ್ಗಲಾಗುವ ಮುಂಚೆ, ಮೇ ತಿಂಗಳಲ್ಲೇ ಕೊಂಡು ತಂದು, ಬಚ್ಚಲಲ್ಲಿ ತೊಡಿಸಿ ಒಂದು ಬಕೆಟ್ ನೀರು ಹೊಯ್ದು ನೋಡಿ. ಮಕ್ಕಳು ನಗುತ್ತಾರೆ, ನಗಲಿ ಬಿಡಿ. ಸೋರಿದರೆ ಬದಲಾಯಿಸಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ.