ಏರಿ ಮೇಲಿನ ಗರಸು ಸೈಕಲ್ಲು

"ಮಾವ, ನಿಮ್ಮೂರ ಕಡೆ ಒಳ್ಳೇ ಗ್ರ್ಯಾವೆಲ್ ರೂಟ್ ಇದೆಯಂತೆ, ನೀವು ಹೇಳೇ ಇಲ್ವಲ್ಲ" ಎಂದು ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಪಾಂಡವಪುರದ ಕಡೆಯವನಾದ ನನಗೆ ಗೊತ್ತಿರುವ ರೂಟುಗಳೆಲ್ಲ ಬಸ್ಸಿನವು. ವಿಚಾರಿಸಿದರೆ ಅವನು ಹೇಳುತ್ತಿದ್ದದ್ದು ವಿ.ಸಿ. ನಾಲೆಯ ಏರಿ! ಎಮ್ಮೆ ಹೊಡೆದುಕೊಂಡು, ಗದ್ದೆಗೆ ಬುತ್ತಿ ಹೊತ್ತುಕೊಂಡು, ಒಮ್ಮೊಮ್ಮೆ ಅಪ್ಪನ ಏಟಿಗೆ ಹೆದರಿ ಓಡಿಕೊಂಡು ನಾನು ಹತ್ತು ವರ್ಷ ಸವೆಸಿದ ದಾರಿ. ಅದಕ್ಕೆ ಬಡ್ತಿ ಸಿಕ್ಕಿದ್ದು ಸಂತೋಷವೇ. ಆದರೂ ಯಾಕೋ ಉರಿಯಿತು.

ಭಾನುವಾರ ಕಾರಿನ ಹಿಂದೆ ಎರಡು ಸೈಕಲ್ಲು ನೇತುಹಾಕಿಕೊಂಡು ಬಂದೇ ಬಿಟ್ಟ. ಒಂದು ನನಗಂತೆ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, 40 ಮಿಲಿಮೀಟರ್ ಅಗಲದ ಟೈರು, ಒಳಗೆ ಟ್ಯೂಬಿಲ್ಲ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ. "ಇಲ್ಲದ್ದಕ್ಕೆಲ್ಲ ಸೇರಿಸಿ ಎಷ್ಟು ಕೊಟ್ಟೆ?" ಎಂದೆ. ಅವನು ನಗಲಿಲ್ಲ. ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾ ಎಂಬ ಊರಲ್ಲಿ ಮಣ್ಣುದಾರಿಯಲ್ಲೇ 200 ಮೈಲಿ ತುಳಿಯುವ ಪಂದ್ಯ 2006ರಲ್ಲೇ ಶುರುವಾಯಿತೆಂದೂ, 2022ರಲ್ಲಿ ಇಟಲಿಯಲ್ಲಿ ಇದಕ್ಕೊಂದು ವಿಶ್ವ ಚಾಂಪಿಯನ್‌ಷಿಪ್ಪೇ ಆಯಿತೆಂದೂ ತಿಳಿಸಿದ. ಇದೇ ಏರಿಯ ಮೇಲೆ ದಿನಾ ಎರಡು ಹೊತ್ತು ಡೈರಿಗೆ ಹಾಲಿನ ಕ್ಯಾನು ಸಾಗಿಸುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಏರಿ ಹತ್ತಿದೆವು. ಒಂದು ಕಡೆ ತುಂಬಿದ ನಾಲೆ, ಇನ್ನೊಂದು ಕಡೆ ತಗ್ಗಿನಲ್ಲಿ ಕಬ್ಬು, ಭತ್ತ, ತೆಂಗು. ಟೈರಿನಡಿ ಗರಸು ಕರಕರ ಅನ್ನತೊಡಗಿತು. ಆ ಸದ್ದಿಗೆ ನೀರುಗಂಟಿ ತಾತ ನೆನಪಿಗೆ ಬಂದ.

ತಾತನೆಂದರೆ ನನ್ನ ತಾತನಲ್ಲ, ಇಡೀ ಊರಿನ ತಾತ. ನಾಲೆಯ ನಮ್ಮ ಭಾಗ ಕಾಯುವುದು, ತೂಬು ಎತ್ತುವುದು, ಇಳಿಸುವುದು, ಸರದಿ ತಪ್ಪಿ ನೀರು ಕಟ್ಟಿಕೊಂಡವರನ್ನು ಬೈಯುವುದು ಅವನ ಕೆಲಸ. ಕೊನೆಯದನ್ನು ಸಂಬಳವಿಲ್ಲದಿದ್ದರೂ ಮಾಡುತ್ತಿದ್ದ. ಕರೀ ಅಟ್ಲಾಸ್ ಸೈಕಲ್ಲು, ಕ್ಯಾರಿಯರಿನಲ್ಲಿ ಒಂದು ಹೊರೆ ಹುಲ್ಲು, ಬಾರಿಗೆ ಕಟ್ಟಿದ ಸನಿಕೆ. ಬೆಲ್ಲನ್ನು ಕಿತ್ತು ಮೊಮ್ಮಗಳಿಗೆ ಆಡಲು ಕೊಟ್ಟಿದ್ದ. ರಾತ್ರಿ ಹೊತ್ತು ದೀಪವನ್ನೂ ಹಾಕುತ್ತಿರಲಿಲ್ಲ. ಅಲ್ಲಲ್ಲಿ ಇಳಿದು ಏರಿಗೆ ಕಿವಿಯಿಟ್ಟು ಮಲಗುತ್ತಿದ್ದ. ದಾರಿಹೋಕರು ಕುಡಿದು ಬಿದ್ದಿದ್ದಾನೆಂದುಕೊಳ್ಳುವರು. "ಏರಿ ಗೊರಕೆ ಹೊಡೀತಾ ಅದೆ ಕಣ್ಲಾ" ಎಂದು ಎದ್ದನೆಂದರೆ ಆಸುಪಾಸಿನಲ್ಲಿ ಎಲ್ಲೋ ನೀರು ಸೋರುತ್ತಿದೆ ಎಂದರ್ಥ.

ಸೋರುವುದು ಬಹುಮಟ್ಟಿಗೆ ಏಡಿಯ ಕೆಲಸ, ಇಲ್ಲವೆಂದರೆ ಹೆಗ್ಗಣದ್ದು. ಏರಿಯ ಹೊರಮೈಯಲ್ಲಿ ಒದ್ದೆ ಕಂಡಲ್ಲಿ ತಾತ ಕುಕ್ಕರಗಾಲಲ್ಲಿ ಕೂತು ಅಂಗೈಗೆ ನೀರು ಹಿಡಿದು ಬಿಸಿಲಿಗೆ ಒಡ್ಡಿ ನೋಡುವನು. ತಿಳಿಯಾಗಿದ್ದರೆ ಚೆಲ್ಲಿ ಎದ್ದುಬಿಡುವನು. ಕೆಂಪಗೆ ಕದಡಿದ್ದರೆ, ಅಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದ್ದರೆ, ಮುಖ ಬದಲಾಗುತ್ತಿತ್ತು. "ಬೆವರಾದ್ರೆ ಬುಡು, ರಕ್ತ ಆದ್ರೆ ಕೂಗು." ನನಗೆ ಕಲಿಸಿದ್ದು ಇಷ್ಟೇ. ಆಮೇಲೆ ಹುಲ್ಲನ್ನು ಹಗ್ಗದ ಹಾಗೆ ಹೊಸೆದು, ಜೇಡಿಮಣ್ಣಿನಲ್ಲಿ ಹೊರಳಿಸಿ, ನಾಲೆಯ ಒಳಕ್ಕೆ ಇಳಿದು, ಭುಜದವರೆಗೆ ಕೈ ಮುಳುಗಿಸಿ ಬಿಲ ತಡಕಿ ತುರುಕುತ್ತಿದ್ದ. "ಹೊರಗಡೆಯಿಂದ ಮುಚ್ಚಿದ್ರೆ ನೀರು ಒದ್ದು ಬಿಸಾಕ್ತದೆ. ಒಳಗಡೆಯಿಂದ ಇಟ್ರೆ ಅದೇ ನೀರು ಒತ್ತಿ ಹಿಡ್ಕತದೆ." ಒಂದು ಸಲ ಏಡಿ ಬೆರಳು ಕಚ್ಚಿತು. ಬಿಡಿಸಿಕೊಳ್ಳದೆ ಕಚ್ಚಿಸಿಕೊಂಡೇ ಮೇಲೆ ತಂದು ಟವಲಿಗೆ ಕಟ್ಟಿಕೊಂಡ. ಅವತ್ತು ಅವನ ಮನೆಯಲ್ಲಿ ಏಡಿ ಸಾರು.

ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕಾಲುವೆ ಎಂದು ಮಂಡ್ಯದವರಿಗೆ ಹೇಳಬೇಕಿಲ್ಲ, ವಿ.ಸಿ. ಫಾರಂ ಹೆಸರಿನಲ್ಲೂ ಅದೇ ಇರುವುದು. ಮೊದಲು ಅದಕ್ಕಿದ್ದ ಹೆಸರು ವೈಸ್‌ರಾಯ್ ಇರ್ವಿನ್‌ನದು. ನಮ್ಮಜ್ಜಿ ಕೊನೆಯವರೆಗೂ "ಇರುವೆ ನಾಲೆ" ಎಂದೇ ಅನ್ನುತ್ತಿದ್ದಳು. ಅಷ್ಟು ಉದ್ದಕ್ಕೆ ಸಾಲುಗಟ್ಟಿ ಹೋಗುವುದು ಇನ್ಯಾವುದು ಎಂಬುದು ಅವಳ ವಾದ. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ನಾಲೆ ಅಗೆದದ್ದು ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ. ಆದರೆ ನಮ್ಮ ಕಡೆ ಗೋಡೆಗಳಲ್ಲಿ ಪೇಟದ ವಿಶ್ವೇಶ್ವರಯ್ಯನವರೇ ಇದ್ದಾರೆ, ಮಿರ್ಜಾ ಅವರಿಗೆ ಮೊಳೆ ಹೊಡೆದವರು ಕಡಿಮೆ. ಹುಲಿಕೆರೆ ಹತ್ತಿರ ನಾಲೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ದೂರ ಸುರಂಗದಲ್ಲಿ ಹೋಗುತ್ತದೆ. ತಾತ ಒಮ್ಮೆ ಅಲ್ಲಿಯವರೆಗೆ ಹೋಗಿ ನೋಡಿಬಂದಿದ್ದ. "ಹೆಣ್ಣು ಕೊಟ್ಟಂಗೆ ಕಣಪ್ಪ. ಇತ್ಲಾಗೆ ನಾವು ಕಳಿಸ್ದೊ, ಅತ್ಲಾಗೆ ಯಾರೋ ಕರ್ಕೊಂಡ್ರು" ಎಂದು ವಾರವೆಲ್ಲ ಹೇಳಿಕೊಂಡು ತಿರುಗಿದ.

ಹುಡುಗನಿಗೆ ಕಾಡೂ ನದಿಯೂ ಬೇಕಿತ್ತು. ಕರೀಘಟ್ಟದ ಬುಡದ ಕುರುಚಲು ತೋರಿಸಿ ಕಾಡಿನ ಶಾಸ್ತ್ರ ಮುಗಿಸಿದೆ. ನದಿಗೆ ಪಶ್ಚಿಮವಾಹಿನಿ. ಅಲ್ಲಿ ಬಂಗಾರದೊಡ್ಡಿ ನಾಲೆ ಕಲ್ಲಿನ ಮೇಲೇರಿ ಕಾವೇರಿಯನ್ನೇ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಹೋಗುತ್ತದೆ. ಹೊಳೆಯ ನೀರೇ ಹೊಳೆಯ ಮೇಲೆ. ರಣಧೀರ ಕಂಠೀರವನ ಕೆಲಸ. ಅವನು 1645ರಿಂದ 48ರ ನಡುವೆ ಕಟ್ಟಿಸಿದ ಒಡ್ಡಿನಿಂದಲೇ ರಂಗನತಿಟ್ಟಿನ ನಡುಗಡ್ಡೆಗಳಾದವಂತೆ. ರಾಜ ಎಣಿಸಿದ್ದು ಭತ್ತ, ಬಂದು ಕೂತದ್ದು ಕೊಕ್ಕರೆ. ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ನಮ್ಮ ಹುಡುಗ ಮಾತ್ರ ಹಕ್ಕಿಗಳ ಕಡೆ ಕತ್ತೆತ್ತಲಿಲ್ಲ, ಗಡಿಯಾರದಲ್ಲಿ ತನ್ನ ಎದೆಬಡಿತ ನೋಡುತ್ತಿದ್ದ.

ವಾಪಸು ಬರುವಾಗ ಅವನ ಟೈರಿಗೆ ಜಾಲಿಮುಳ್ಳು. ಕಿತ್ತರೆ ಬೆಳ್ಳಗೆ ಏನೋ ಒಸರಿತು, ಥೇಟು ಎಕ್ಕದ ಹಾಲು. "ಒಳಗೇ ತುಂಬಿರುತ್ತೆ ಮಾವ. ಗಾಳಿನೇ ಅದನ್ನ ತೂತಿಗೆ ಒತ್ತಿ ಮುಚ್ಚುತ್ತೆ" ಎಂದ. ಎರಡು ಸುತ್ತು ತಿರುಗಿಸಿದ, ನಿಂತುಹೋಯಿತು. ಏನು ಬೆಲೆಯಾದರೂ ಆಗಲಿ, ಆ ಸೈಕಲ್ಲಿನ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಹುಲ್ಲು, ಜೇಡಿಮಣ್ಣು, ತಾತನ ಮುಳುಗಿದ ತೋಳು ಎಲ್ಲ ಅವನಿಗೆ ಹೇಳಿದೆ. ಈ ಸಲ ಗಡಿಯಾರ ನೋಡಲಿಲ್ಲ.

ಕನಗನಮರಡಿ ಮಾತ್ರ ತಾನಾಗಿಯೇ ಬಾಯಿ ಮುಚ್ಚಿಸುತ್ತದೆ. 2018ರ ನವೆಂಬರ್ 24ರಂದು ಬಸ್ಸೊಂದು ಈ ನಾಲೆಗೆ ಉರುಳಿ 30 ಜನ ಹೋದರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅವತ್ತೇ ರಾತ್ರಿ ಅಂಬರೀಶ್ ತೀರಿಕೊಂಡರು. ಯಾವುದಕ್ಕೆ ಅಳಬೇಕೆಂದು ಜಿಲ್ಲೆಗೆ ತಿಳಿಯದ ದಿನ. ನಾನು ಇಷ್ಟು ಹೇಳಿದ್ದೇ ಹುಡುಗ ನಾಲೆಯ ಅಂಚು ಬಿಟ್ಟು ಗದ್ದೆಯ ಕಡೆಗೆ ಸರಿದು ತುಳಿಯತೊಡಗಿದ. ತಡೆಗೋಡೆಯ ಮಾತು ಪ್ರತಿ ಅವಘಡದ ಮರುದಿನ ಬರುತ್ತದೆ. ನಾವು ಹೋದ ದಾರಿಯಲ್ಲಿ ಅದು ಇದ್ದದ್ದು ತುಂಡು ತುಂಡಾಗಿ.

ನಾಲೆಗೆ ಈಗ ಕಾಂಕ್ರೀಟು ಬಂದಿದೆ. ಕೊನೇಭಾಗದವರಿಗೆ ನೀರು ಬೇಗ ತಲುಪಬೇಕಲ್ಲ, ನಾನು ಅಡ್ಡ ಮಾತಾಡುವುದಿಲ್ಲ. ಆದರೆ ನಮ್ಮೂರ ಹತ್ತಿರ ಕೆಲಸಕ್ಕೆ ಜಾಗ ಸಾಲದೆಂದು ಸಾಲು ಹೊಂಗೆ ಹೋದವು. ಕಾಂಕ್ರೀಟಾದರೆ ಏಡಿ ಬರುವುದಿಲ್ಲವೆಂದು ಯಾರೋ ನಂಬಿದಂತಿದೆ; ತಾತ ಹೋದ ಮೇಲೆ ನಮ್ಮ ಭಾಗಕ್ಕೆ ಇನ್ನೊಬ್ಬ ನೀರುಗಂಟಿ ಬರಲಿಲ್ಲ. ಬಿರುಕು ಬಿಟ್ಟ ಕಡೆ ಕಾಂಕ್ರೀಟೂ ಸೋರುತ್ತದೆ. ಏರಿಯ ಮೇಲೆ ದಾರಿಯೆಂದು ಒಂದಿದ್ದದ್ದೇ ಅವನಂಥವನು ದಿನಾ ಹೋಗಿ ನೋಡಲೆಂದು. ಈಗ ದಾರಿಯಿದೆ, ನೋಡುವವನಿಲ್ಲ.

ಆದ್ದರಿಂದ ಭಾನುವಾರದ ಸವಾರರೇ, ಬನ್ನಿ, ಸಂತೋಷ. ಏರಿಯ ಹೊರಮೈಯಲ್ಲಿ ಒದ್ದೆ ಕಂಡರೆ ಒಂದು ನಿಮಿಷ ಇಳಿದು ನೀರನ್ನು ಅಂಗೈಗೆ ಹಿಡಿಯಿರಿ. ತಿಳಿಯಾಗಿದ್ದರೆ ನಿಮ್ಮ ಪಾಡಿಗೆ ಹೋಗಿ. ಕೆಂಪಗಿದ್ದರೆ ಹತ್ತಿರದ ಗದ್ದೆಯಲ್ಲಿ ಯಾರಿದ್ದರೂ ಕೂಗಿ ಹೇಳಿ. ನಿಮ್ಮ ಸೈಕಲ್ಲಿಗೂ ಬೆಲ್ಲಿಲ್ಲ, ಬಾಯಲ್ಲೇ ಕೂಗಬೇಕು.