ಬಂಗಾರ ಸಿಕ್ತೇನ್ರೀ?

ಬುಟ್ಟಿ, ಸಲಿಕೆ, ಕಸಬರಿಗೆ ಹಿಡಿದುಕೊಂಡು ನಾಲ್ಕು ಮಂದಿ ಹಾಳು ಗುಡಿಯ ಕಡೆ ಹೊರಟರೆ ನಮ್ಮ ಸೀಮೆಯಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಬಂಗಾರ ಸಿಕ್ತೇನ್ರೀ?" ಇಲ್ಲವೆಂದರೆ ಯಾರೂ ನಂಬುವುದಿಲ್ಲ. ಹೌದೆಂದರೆ ಪೊಲೀಸರು ಬರುತ್ತಾರೆ. ಅದಕ್ಕೇ ನಮ್ಮ ಬಳಗದ ಗೊಬ್ಬರದಂಗಡಿ ಸಾಹುಕಾರರು ಒಂದು ಉತ್ತರ ಹೊಂದಿಸಿಟ್ಟುಕೊಂಡಿದ್ದಾರೆ: "ಸಿಕ್ಕೈತಿ. ಆದ್ರ ಓದಾಕ ಬರಬೇಕು ನೋಡ್ರಿ."

ಹುಬ್ಬಳ್ಳಿಯಿಂದ ಗದಗಿಗೆ ಹೋಗುವವರು ಅಣ್ಣಿಗೇರಿಯನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಎರೆಹೊಲ, ಮೆಣಸಿನಕಾಯಿ, ಹೆಸರು, ಕಡಲೆ, ಮಳೆ ಬಂದರೆ ಮೊಣಕಾಲುದ್ದ ಕೆಸರು. ಪಂಪನ ತಾಯಿಯ ತವರು ಇದು ಎಂಬುದನ್ನು ನಮ್ಮೂರಿನವರು ಹೊರಗಿನವರಿಗೆ ಹೇಳದೆ ಬಿಡುವುದಿಲ್ಲ. ಪಂಪನನ್ನು ಓದಿದ್ದೀರಾ ಎಂದು ತಿರುಗಿ ಕೇಳಿದರೆ ಚಹಾ ತರಿಸುತ್ತಾರೆ. ಊರೊಳಗೆ ಅಮೃತೇಶ್ವರ ದೇವಸ್ಥಾನವಿದೆ, ಕಲ್ಯಾಣದ ಚಾಲುಕ್ಯರ ಕಾಲದ್ದು, 1050ರ ಸುಮಾರಿನದು. ಮರಳುಗಲ್ಲು ಬಿಟ್ಟು ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಇದನ್ನು ವಿದ್ವಾಂಸರು ಎಣಿಸುತ್ತಾರೆ. ಅದರ ಚಿಂತೆ ನಮಗಿಲ್ಲ. ನಮ್ಮ ಚಿಂತೆಯೆಲ್ಲ ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಭಾಗ್ಯವಿಲ್ಲದ ಕಲ್ಲುಗಳದ್ದು. ಹೊಲದ ಬದುವಿನ ವೀರಗಲ್ಲು, ತಿಪ್ಪೆಯ ಪಕ್ಕದ ಮಾಸ್ತಿಕಲ್ಲು, ಕೆರೆ ಏರಿಯ ಮೇಲೆ ಅರ್ಧ ಹೂತ ಶಾಸನ, ಹೂಳು ತುಂಬಿದ ಮೆಟ್ಟಿಲ ಬಾವಿ.

ಬಳಗ ಹುಟ್ಟಿದ್ದು ಚಹಾದಂಗಡಿಯಲ್ಲಿ. 2010ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಊರಲ್ಲಿ ನೂರಾರು ತಲೆಬುರುಡೆಗಳು ಸಾಲಾಗಿ ಸಿಕ್ಕವು. ಟಿವಿಯವರು ಬಂದರು, ಸಂಶೋಧಕರು ಬಂದರು, ಸುತ್ತಲಿನ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದು ನೋಡಿ ಹೋದವರೂ ಇದ್ದರು. ಬರಗಾಲದಲ್ಲಿ ಸತ್ತವರೋ ಯುದ್ಧದಲ್ಲಿ ಮಡಿದವರೋ ಎಂಬ ವಾದದಲ್ಲಿ ಊರಿನ ಪ್ರತಿಯೊಬ್ಬನೂ ಇತಿಹಾಸಕಾರನಾದ. ಬುರುಡೆಗಳ ಸುದ್ದಿ ತಣ್ಣಗಾದ ಮೇಲೂ ವಾದ ಬಿಡಲಾರದೆ ಕೂತವರು ಒಬ್ಬ ನಿವೃತ್ತ ಕನ್ನಡ ಮಾಸ್ತರರು, ಈ ಸಾಹುಕಾರರು, ಫೋಟೋ ಸ್ಟುಡಿಯೊ ಇಟ್ಟ ಹುಡುಗ, ಟ್ರ್ಯಾಕ್ಟರ್ ಇದ್ದ ಒಬ್ಬ ರೈತ, ನಾನು. ಮೊದಲು ಮಾಡಿಸಿದ್ದು ಶಿಕ್ಕಾ. ಶಿಕ್ಕಾ ಇಲ್ಲದ ಅರ್ಜಿಯನ್ನು ಯಾವ ಕಚೇರಿಯೂ ಕೈಯಲ್ಲಿ ಹಿಡಿಯುವುದಿಲ್ಲ ಎಂಬ ಮಟ್ಟಿನ ಲೋಕಜ್ಞಾನ ಎಲ್ಲರಿಗೂ ಇತ್ತು.

ಶಾಸನ ಹುಡುಕುವ ಹುಚ್ಚು ಧಾರವಾಡ ಸೀಮೆಗೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ವಾಲ್ಟರ್ ಎಲಿಯಟ್ ಎಂಬ ಕಂಪನಿ ಸರಕಾರದ ಅಧಿಕಾರಿ ಈ ಭಾಗದ 595 ಶಾಸನಗಳ ಪ್ರತಿ ಮಾಡಿಸಿದ್ದ. ಅವನ ಕೈಕೆಳಗೆ ಆಳುಗಳಿದ್ದರು. ನಮ್ಮಲ್ಲಿ ಎಲ್ಲರೂ ಆಳುಗಳೇ. ಪಡಿಯಚ್ಚು ತೆಗೆಯುವುದು ನೋಡಲು ಸುಲಭದ ಕೆಲಸ. ಕಲ್ಲನ್ನು ನೀರು ಹಾಕಿ ಮೆತ್ತಗೆ ತಿಕ್ಕಿ ತೊಳೆಯಬೇಕು, ಅಕ್ಷರದ ಗೀರಿನಲ್ಲಿ ಕೂತ ಮಣ್ಣು ಬಿಡಬೇಕು, ಆದರೆ ತಂತಿ ಬ್ರಷ್ಷು ಮುಟ್ಟಕೂಡದು. ಒದ್ದೆ ಕಾಗದ ಹಾಸಿ ಗುಳ್ಳೆ ಏಳದಂತೆ ಬ್ರಷ್ಷಿನಿಂದ ಬಡಿಯುತ್ತ ಹೋದರೆ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಅರ್ಧಂಬರ್ಧ ಆರಿದಾಗ ಮಸಿಯ ಉಂಡೆಯಿಂದ ಮೇಲೆ ಮೇಲೆ ತಟ್ಟಬೇಕು. ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಏಳುತ್ತವೆ. ನಡುವೆ ಗಾಳಿ ಬೀಸಿದರೆ ಎಲ್ಲ ಮೊದಲಿನಿಂದ. ಎರೆನಾಡಿನಲ್ಲಿ ಗಾಳಿಗೇನೂ ಬರವಿಲ್ಲ. ಅದಕ್ಕೇ ಈಗೀಗ ಸ್ಟುಡಿಯೊ ಹುಡುಗ ಕತ್ತಲಾದ ಮೇಲೆ ಹೋಗಿ ಬ್ಯಾಟರಿಯ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಫೋಟೋ ಹೊಡೆಯುತ್ತಾನೆ. ಹಗಲಲ್ಲಿ ಸಪಾಟಾಗಿ ಕಂಡ ಕಲ್ಲಿನಲ್ಲಿ ಸಾಲು ಸಾಲು ಅಕ್ಷರ ಕಾಣುತ್ತವೆ. ರಾತ್ರಿ, ಬ್ಯಾಟರಿ, ಹಾಳು ಗುಡಿ: ನಿಧಿಗಳ್ಳರೆಂದು ನಮ್ಮನ್ನು ಹೊಲದ ಕಾವಲುಗಾರರು ತಡೆದು ನಿಲ್ಲಿಸಿದ್ದೂ ಉಂಟು. ಶಿಕ್ಕಾ ಆಗ ಉಪಯೋಗಕ್ಕೆ ಬಂತು.

ದಾನಶಾಸನಗಳ ಕೊನೆಯ ಸಾಲುಗಳು ನನಗೆ ಪ್ರೀತಿ. ಇದನ್ನು ಕಾಪಾಡಿದವರಿಗೆ ಇಂಥ ಪುಣ್ಯ, ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂದು ಕೆತ್ತಿಸಿರುತ್ತಾರೆ. ಈಗಿನ ಕಾಯಿದೆ 1958ರದು. 2010ರ ತಿದ್ದುಪಡಿಯ ಮೇಲೆ ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಹಳ್ಳಿಯಲ್ಲಿ ಎರಡನ್ನೂ ಹೇಳಿ ನೋಡಿದ್ದೇವೆ. ಕವಿಲೆಯ ಪಾಪಕ್ಕೇ ಜನ ಹೆಚ್ಚು ಹೆದರುತ್ತಾರೆ.

ಕಲ್ಲಿಗೆ ಅಪಾಯ ಉದಾಸೀನದಿಂದ ಎಂದು ಭಾಷಣಗಳಲ್ಲಿ ಕೇಳಿ ನಾವೂ ಹಾಗೇ ತಿಳಿದಿದ್ದೆವು. ಹಾಗಲ್ಲವೆಂದು ಕಲಿಸಿದವರು ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಅವರ ಹಿತ್ತಲಿನ ಅರಿವಿ ಒಗೆಯುವ ಕಲ್ಲಿನ ಅಂಚಿನಲ್ಲಿ ಕುದುರೆಯ ಗೊರಸಿನಂಥದು ಕಂಡು ಟ್ರ್ಯಾಕ್ಟರಿನ ರೈತ ಸುದ್ದಿ ತಂದ. ಹೋಗಿ ಕೇಳಿದರೆ, "ನಮ್ಮತ್ತಿ ಕಾಲದಾಗಿಂದ ಐತ್ರೀ ಇದು, ಈಗ್ಯಾಕ ಬೇಕಾತು ನಿಮಗ?" ಎಂದರು. ಬದಲಿಗೆ ನುಣುಪಾದ ಫರಸಿ ಕಲ್ಲು ತಂದುಕೊಟ್ಟೆವು. ಕೈಯಾಡಿಸಿ ನೋಡಿ, "ಜಾರತೈತಿ, ಒಯ್ಯಿರಿ" ಎಂದರು. ಒರಟು ಕಲ್ಲು ತಂದ ಮೇಲೆ ಒಪ್ಪಿಗೆ ಸಿಕ್ಕಿತು.

ಕಲ್ಲು ಮಗುಚಿದಾಗ ಮಾಸ್ತರರು ಮಾತಿಲ್ಲದೆ ಅಲ್ಲೇ ಕೂತರು. ಮೂರು ಅಂತಸ್ತಿನ ವೀರಗಲ್ಲು. ಕೆಳಗೆ ಹೋರಾಟ, ಅಂಚಿನ ಕುದುರೆ, ಅದರ ಹಿಂದೆ ತುರುಗಳ ಹಿಂಡು. ನಡುವೆ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಲಿಂಗ, ಸೂರ್ಯ ಚಂದ್ರ. ಅಪ್ಸರೆಯ ಕೈಬಳೆಯ ಗೀರೂ ಮಾಸಿರಲಿಲ್ಲ. ಮುಖ ಕೆಳಗೆ ಮಾಡಿ ಮಲಗಿದ್ದಕ್ಕೆ ಮಳೆ ಬಿಸಿಲು ತಾಗಿರಲಿಲ್ಲ. ಸೋಪಿನ ನೀರೆಲ್ಲ ಬೆನ್ನ ಮೇಲೆಯೇ ಹರಿದಿತ್ತು. ಅಜ್ಜಿ ಹಣೆ ಬಡಿದುಕೊಂಡರು: "ಇಷ್ಟು ದಿನಾ ದೇವ್ರ ಬೆನ್ನ ಮ್ಯಾಲೆ ಅರಿವಿ ಒಗದೆನಲ್ಲೋ ಯಪ್ಪಾ!"

ಅಲ್ಲಿಂದ ಶುರುವಾಯಿತು ಕಷ್ಟ. ನಿಲ್ಲಿಸಿದ ದಿನವೇ ಕುಂಕುಮ. ಆಮೇಲೆ ಎಣ್ಣೆ. ಆಮೇಲೆ ಸಣ್ಣ ಕಟ್ಟೆ, ತಗಡಿನ ಸೂರು. ಯಾರೋ ಹರಕೆ ಹೊತ್ತವರು ವೀರನ ಮೀಸೆಗೆ ಕಪ್ಪು ಪೇಂಟು ಹಚ್ಚಿದರು. ಉದಾಸೀನ ಇರುವವರೆಗೆ ಸುಖವಾಗಿದ್ದ ಕಲ್ಲಿಗೆ ಭಕ್ತಿ ಬಂದ ಮೇಲೆ ಒಂದು ಮಳೆಗಾಲ ಕಳೆಯುವುದರೊಳಗೆ ಕೆತ್ತನೆ ಮುಚ್ಚಿಕೊಂಡಿತು. ಬೇಡವೆನ್ನಲು ನಾವು ಯಾರು? ಪೂಜೆ ಬೇಡ ಎಂದರೆ ಊರು ಬಿಡಿಸುತ್ತಾರೆ. ಅವರು ಮಾಡುವುದು ನ್ಯಾಯವೂ ಹೌದು. ಎಣ್ಣೆಯ ಬದಲು ಹೂವು ಸಾಕೆಂದು ಮಾತಾಡಿ ಮಾತಾಡಿ ಮಾಸ್ತರರ ಗಂಟಲು ಬಿತ್ತು.

ಹಾಗಾಗಿ "ಜೀರ್ಣೋದ್ಧಾರ" ಎಂದು ಬರೆದ ಫ್ಲೆಕ್ಸ್ ಎಲ್ಲಿ ಕಂಡರೂ ನಮಗೆ ಎದೆ ಹೊಡೆದುಕೊಳ್ಳುತ್ತದೆ. ಬಳಪದ ಕಲ್ಲು ಮೆದು, ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಅದಕ್ಕೇ. ಹಳೆಯ ಪೇಂಟು ತೆಗೆಯಲೆಂದು ಯಂತ್ರದಿಂದ ಉಸುಕು ಹೊಡೆದರೆ ಮೂಗು ತುಟಿಗಳೂ ಪೇಂಟಿನ ಜೊತೆ ಹೋಗುತ್ತವೆ. ಗಾರೆಯ ಸಂದಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಂತು, ಉಪ್ಪು ಒಡೆದು, ಕಲ್ಲು ಹಕ್ಕಳೆ ಏಳುತ್ತದೆ. ಟೈಲ್ಸ್ ಹಾಕುವುದಕ್ಕೆ ನೆಲ ಎತ್ತರಿಸಿದ ಒಂದು ಗುಡಿಯಲ್ಲಿ ವೀರಗಲ್ಲಿನ ಕೆಳಗಿನ ಅಂತಸ್ತು ಪೂರ್ತಿ ಹೂತುಹೋಗಿದೆ. ಯುದ್ಧವಿಲ್ಲದೆ ವೀರ ಸೀದಾ ಸ್ವರ್ಗದಲ್ಲಿದ್ದಾನೆ.

ಹೋದ ವರ್ಷ ಒಂದು ಹನುಮಪ್ಪನ ಗುಡಿಯ ಕಮಿಟಿಯವರು ಕಂಬಗಳಿಗೆ ಬಣ್ಣ ಹಚ್ಚಲು ನಿಂತ ಸುದ್ದಿ ಬಂತು. ಓಡಿದೆವು. ಹಿರಿಯರು ಸಮಾಧಾನದಿಂದಲೇ ಕೇಳಿದರು: "ಮಾಸ್ತರ, ನಮ್ಮ ಹುಡುಗ್ರು ಬೆಂಗಳೂರಿಂದ ರೊಕ್ಕ ಕಳಸ್ಯಾರ. ಹಬ್ಬಕ್ಕ ಬಂದಾಗ ಹೊಸಾದೇನರ ಕಾಣಬೇಕಲ್ರಿ?" ಈ ಪ್ರಶ್ನೆಗೆ ಯಾವ ಕಾಯಿದೆಯಲ್ಲೂ ಉತ್ತರವಿಲ್ಲ. ಮಾಸ್ತರರು ಕಂಬದ ಮೇಲಿನ ಒಂದು ಶಾಸನದ ಸಾಲನ್ನು ಬೆರಳಿಟ್ಟು ಓದಿ, ಅದರಲ್ಲಿ ಅದೇ ಊರಿನ ಹೆಸರು ಬಂದದ್ದನ್ನು ತೋರಿಸಿದರು. ಹಿರಿಯರು ಆ ಅಕ್ಷರಗಳನ್ನು ತಾವೂ ಮುಟ್ಟಿ ನೋಡಿದರು. ಮೊಮ್ಮಗನನ್ನು ಕರೆದು ಮುಟ್ಟಿಸಿದರು. "ಹೋಗ್ಲಿ ಬಿಡ್ರಿ, ಕಲ್ಲಿಗೆ ಬ್ಯಾಡ. ಆದ್ರ ಡಬ್ಬಿ ತಂದೀವಲ್ಲ, ಅಂಗಡಿಯಾವ ವಾಪಸ್ ತಗೊಳ್ಳಾಂಗಿಲ್ಲ. ಅದಕ್ಕೊಂದು ದಾರಿ ಹೇಳ್ರಿ."

ದಾರಿ ಹೇಳಿದವರು ಸಾಹುಕಾರರು. ಆ ಊರಿನ ಬಸ್ ನಿಲ್ದಾಣ ಈಗ ಗುಲಾಬಿ ಮತ್ತು ಕೇಸರಿ ಬಣ್ಣದಲ್ಲಿ ಅರ್ಧ ಮೈಲಿಯಿಂದ ಕಾಣುತ್ತದೆ. ಹಬ್ಬಕ್ಕೆ ಬಂದ ಹುಡುಗರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು. ಮಾಸ್ತರರಿಗೆ ಮಾತ್ರ ಆ ಬಣ್ಣದ ಮೇಲೆ ಇನ್ನೂ ಸಿಟ್ಟು. ಪಡಿಯಚ್ಚಿಗೆ ಹೋದಾಗಲೆಲ್ಲ ತಿರುಗಿ ಬರುವ ಬಸ್ಸಿಗೆ ಅಲ್ಲೇ ಕಾಯಬೇಕು.