ಕೇರಿಯ ವೋಟು, ಪೇಟೆಯ ಪಶ್ಚಾತ್ತಾಪ

ಪ್ರತಿ ಚುನಾವಣೆ ಮುಗಿದ ಮೇಲೂ ಪೇಟೆಯ ಕಡೆಯಿಂದ ಒಂದು ಪ್ರಶ್ನೆ ನಮ್ಮ ಕೇರಿಗಳ ಮೇಲೆ ಕಲ್ಲಿನಂತೆ ಬಂದು ಬೀಳುತ್ತದೆ. ನಿಮ್ಮ ಜನ ಅವರಿಗೇ ಹಾಕಿದರಲ್ಲ, ಈಗ ಪಶ್ಚಾತ್ತಾಪ ಆಗಿಲ್ಲವಾ? ಕೇಳುವವರು ಕೆಟ್ಟವರೇನಲ್ಲ. ಓದಿದವರು, ದಿನಾ ಪೇಪರು ತಿರುವುವವರು, ಎಷ್ಟೋ ಸಲ ನಮ್ಮ ಗೆಳೆಯರೇ. ಆದರೆ ಊರೊಳಗಿನ ಜಮೀನುದಾರ ಹಾಕಿದ ವೋಟಿಗೆ, ಪೇಟೆಯ ಸಾಹುಕಾರ ಹಾಕಿದ ವೋಟಿಗೆ ಹೀಗೆ ಯಾರೂ ಲೆಕ್ಕ ಕೇಳಿದ್ದನ್ನು ನಾವು ಕಂಡಿಲ್ಲ. ಕೇರಿಯ ವೋಟಿಗೆ ಮಾತ್ರ ಲೆಕ್ಕ.

ನಾವು ಸ್ಕಂದಗಿರಿಯ ಬುಡದ ಹಳ್ಳಿಗಳಲ್ಲಿ ಪಾಠ ಹೇಳುವವರು, ಸಂಘ ಕಟ್ಟುವವರು. ಬೆಟ್ಟಕ್ಕೆ ಈ ಹೆಸರು ಬೆಂಗಳೂರಿನವರ ಬಾಯಲ್ಲಿ ಹೆಚ್ಚು. ನಮ್ಮ ಹಿರೀಕರಿಗೆ ಅದು ಕಳವಾರ ದುರ್ಗ. ಬೆಳಗಿನ ಮೋಡ ನೋಡಲು ರಾತ್ರೋರಾತ್ರಿ ಬೈಕು ಹತ್ತಿ ಬರುವ ಹುಡುಗ ಹುಡುಗಿಯರು ಕತ್ತಲಲ್ಲಿ ಬೆಟ್ಟ ಹತ್ತಿ ಬಿಸಿಲೇರುವ ಹೊತ್ತಿಗೆ ಇಳಿದುಬಿಡುತ್ತಾರೆ. ಮೇಲಿಂದ ನೋಡಿದರೆ ದ್ರಾಕ್ಷಿ ತೋಟ, ಹೂವಿನ ತೋಟ, ಒಣಗಿದ ಕೆರೆ ಅಂಗಳ, ಹೊಸ ಲೇಔಟುಗಳ ಕಲ್ಲುಕಂಬ ಎಲ್ಲ ಕಾಣುತ್ತವೆ. ತೋಟಕ್ಕೆ ಕೂಲಿಗೆ ಹೋಗುವ ಜನ ಮಾತ್ರ ಅಷ್ಟು ಎತ್ತರದಿಂದ ಕಾಣುವುದಿಲ್ಲ.

ಇತ್ತೀಚೆಗೆ ಈ ಪ್ರಶ್ನೆ ಮತ್ತೆ ಎದ್ದಿತು. ಇಂಗ್ಲೆಂಡಿನವರು 2016ರ ಜೂನ್ 23ರಂದು ಯುರೋಪಿನ ಒಕ್ಕೂಟ ಬಿಡೋದಾ ಇರೋದಾ ಎಂದು ಜನಮತಗಣನೆ ಮಾಡಿದರಲ್ಲ, ಆಮೇಲೆ ಪಶ್ಚಾತ್ತಾಪ ಪಟ್ಟರಂತೆ ಎಂದು ಒಬ್ಬ ವಿದ್ಯಾರ್ಥಿ ಮಾತು ತೆಗೆದ. ನಮ್ಮ ದೇಶದಲ್ಲಿ ಹಾಗೆ ಯಾವಾಗ ಆಗಿತ್ತು ಸಾರ್ ಅಂದ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವಿಲ್ಲ. ಜುನಾಗಢ, ಗೋವಾ, ಸಿಕ್ಕಿಂ ಎಂದು ಅಲ್ಲೊಂದು ಇಲ್ಲೊಂದು ನಡೆದದ್ದು ಬಿಟ್ಟರೆ ಇಡೀ ದೇಶಕ್ಕೆ ಹೌದೋ ಅಲ್ಲವೋ ಎಂದು ಯಾರೂ ಕೇಳಿಲ್ಲ. ಆದರೆ ಹೆಸರು ಚುನಾವಣೆ, ಒಳಗೆ ಜನಮತಗಣನೆ ಎಂಬಂಥದ್ದು ಒಂದು ನಡೆದಿತ್ತು. 1977ರ ಮಾರ್ಚಿನದು. ತುರ್ತು ಪರಿಸ್ಥಿತಿ ಸರಿಯೋ ತಪ್ಪೋ ಎಂಬುದೊಂದೇ ಪ್ರಶ್ನೆ. ದೇಶ ಎರಡು ಹೋಳಾಗಿ ಉತ್ತರ ಕೊಟ್ಟಿತು. ಉತ್ತರಪ್ರದೇಶದ 85 ಸೀಟಿನಲ್ಲಿ, ಬಿಹಾರದ 54ರಲ್ಲಿ ಇಂದಿರಾಗಾಂಧಿಯ ಪಕ್ಷಕ್ಕೆ ಒಂದೂ ಇಲ್ಲ. ನಮ್ಮ ಕರ್ನಾಟಕದ 28ರಲ್ಲಿ 26 ಅವರಿಗೇ. ಚಿಕ್ಕಬಳ್ಳಾಪುರವೂ ಆ 26ರಲ್ಲಿ ಒಂದು. ಅಂದಿನಿಂದ ಕನ್ನಡಿಗರ ಮೇಲೆ, ಅದರಲ್ಲೂ ಬಡವರ ಮೇಲೆ ಒಂದು ಆರೋಪ ಉಳಿದುಕೊಂಡಿತು: ಸರ್ವಾಧಿಕಾರಕ್ಕೆ ವೋಟು ಹಾಕಿದ ಜನ.

ಆ ವಿದ್ಯಾರ್ಥಿ ಮನೆಗೆ ಹೋಗಿ ತನ್ನ ಅಜ್ಜಿಯನ್ನೇ ಕೇಳಿದ. ನಾವೂ ಜಗಲಿಯಲ್ಲಿ ಕೂತಿದ್ದೆವು. ಅವರ ಮನೆಯ ಮಾತು ತೆಲುಗು. ನಾವು ಕೂತಿದ್ದಕ್ಕೆ ಅಜ್ಜಿ ಕನ್ನಡಕ್ಕೆ ತಿರುಗಿದಳು.

'ಎಮರ್ಜೆನ್ಸಿ ಮಾಡಿದೋರ್ಗೆ ಯಾಕಜ್ಜಿ ವೋಟ್ ಹಾಕ್ದೆ?'

'ಅದೇನ್ಲಾ ಅದು ಎಮರ್ಜೆನ್ಸಿ?'

'ಮಾತಾಡಂಗಿಲ್ಲ, ಕೇಳಂಗಿಲ್ಲ, ತಿರುಗಿ ಮಾತಾಡಿದ್ರೆ ಜೈಲು.'

ಅಜ್ಜಿ ಎಲೆಯಡಿಕೆ ಉಗಿದು ನಕ್ಕಳು. 'ಅದು ನಮ್ಗೆ ಯಾವಾಗ ಇರ್ಲಿಲ್ಲ ಹೇಳಪ್ಪ? ಊರೊಳಕ್ಕೆ ಮೆಟ್ಟು ಹಾಕ್ಕೊಂಡು ಹೋಗಂಗಿರ್ಲಿಲ್ಲ. ನಿಮ್ ತಾತ ಮೂವತ್ತು ರೂಪಾಯಿ ಸಾಲಕ್ಕೆ ಎಷ್ಟು ವರ್ಷ ಜೀತ ಇದ್ದ ಗೊತ್ತಾ? ಅವಾಗ ಬಂದು ಸಾಲ ಮನ್ನಾ ಅಂದ್ರು, ಜೀತ ಬುಡು ಅಂದ್ರು. ಗುಡಿಸ್ಲು ಹಾಕ್ಕೊಳ್ಳಾಕೆ ಸೈಟು ಕೊಟ್ರು. ಹಸು-ಕರೂಗೆ ಹಾಕ್ದೊ.'

ಹಸು-ಕರು ಆಗಿನ ಕಾಂಗ್ರೆಸ್ಸಿನ ಗುರುತು. ಈ ಮಾತನ್ನು ಪೇಟೆಯ ಗೆಳೆಯರಿಗೆ ಹೇಳಿದರೆ ಅಜ್ಜಿಗೆ ರಾಜಕೀಯ ಪ್ರಜ್ಞೆ ಇಲ್ಲ ಎನ್ನುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ಅವಳ ಲೆಕ್ಕ ಪಕ್ಕಾ ಇದೆ. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆಗೆ ಹಲ್ಲು ಕೊಟ್ಟಿತು. ಗೇಣಿದಾರರು ಫಾರಂ 7 ಹಾಕಿ ಟ್ರಿಬ್ಯುನಲ್ ಮುಂದೆ ನಿಂತರು. 1976ರಲ್ಲಿ ಋಣಪರಿಹಾರ ಕಾಯಿದೆ ಬಂತು, ಜೀತ ನಿಷೇಧವೂ ಕಾಯಿದೆಯಾಯಿತು. ಇದರಲ್ಲಿ ಹೆಚ್ಚಿನದು ನಡೆದದ್ದು ದೆಹಲಿಯಲ್ಲಿ ಬಾಯಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ. ಊರಿನ ಯಜಮಾನಿಕೆ ಅಲುಗಾಡಿದ್ದನ್ನು ನಮ್ಮ ಜನ ಜೀವಮಾನದಲ್ಲಿ ಮೊದಲ ಸಲ ಕಂಡದ್ದು ಆಗಲೇ. (ಗೇಣಿದಾರನಿಗೆ ಭೂಮಿ ಬಂತು ನಿಜ. ಆದರೆ ನಮ್ಮವರಲ್ಲಿ ಹೆಚ್ಚಿನವರು ಗೇಣಿಗೂ ಗತಿಯಿಲ್ಲದ ಕೂಲಿಗಳು. ಹೊಲವಿಲ್ಲದವನು ಫಾರಂ 7 ಎಲ್ಲಿಂದ ಹಾಕುತ್ತಾನೆ? ಭೂಸುಧಾರಣೆಯನ್ನು ಹಾಡಿ ಹೊಗಳುವವರು ಇದನ್ನು ಮರೆಯಬಾರದು.)

ಹಾಗಂತ ಅಜ್ಜಿಯ ಮಾತಿಗೆ ತಲೆಯಾಡಿಸಿ ಎದ್ದು ಬರಲೂ ನಮಗಾಗುವುದಿಲ್ಲ. ಅದೇ ಹೊತ್ತಿನಲ್ಲಿ ಬೆಂಗಳೂರು ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ಉಸಿರು ಕಟ್ಟಿ ನರಳಿದರು. ಬಿಟ್ಟು ಕಳಿಸಿದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್ನುಗಳಾದವು. ಉತ್ತರದಲ್ಲಿ ಹಿಡಿದುಕೊಂಡು ಹೋಗಿ ಕುಯ್ದದ್ದು ಯಾರನ್ನು? ಬಡವರನ್ನು, ಮುಸ್ಲಿಮರನ್ನು, ನಮ್ಮವರನ್ನು. ಅಲ್ಲಿಯ ಕೇರಿ ಇಂದಿರಮ್ಮನ ವಿರುದ್ಧ ಹಾಕಿತು. ಇಲ್ಲಿಯ ಕೇರಿ ಪರವಾಗಿ ಹಾಕಿತು. ಹೊಟ್ಟೆ ಒಂದೇ, ಮೈಮೇಲಿನ ಗಾಯ ಬೇರೆ ಬೇರೆ.

ಈಗ ಪಶ್ಚಾತ್ತಾಪದ ಮಾತು. ಅದು ನಿಜವಾಗಿ ಆಯಿತು, ಆದರೆ ಆದದ್ದು ಉತ್ತರದಲ್ಲಿ. ಜನತಾ ಸರ್ಕಾರ ಬಂದು ಎರಡು ತಿಂಗಳು ತುಂಬಿತು ಎನ್ನುವಷ್ಟರಲ್ಲಿ, 1977ರ ಮೇ 27ರಂದು ಬಿಹಾರದ ಬೇಲ್ಚಿಯಲ್ಲಿ ಭೂಮಾಲೀಕರ ಗುಂಪು ಹನ್ನೊಂದು ಜನರನ್ನು ಕೊಂದು ಸುಟ್ಟಿತು. ಅವರಲ್ಲಿ ಎಂಟು ಮಂದಿ ದಲಿತರು. ಸರ್ವಾಧಿಕಾರ ತೊಲಗಿತು ಎಂದು ದೆಹಲಿಯಲ್ಲಿ ಹಬ್ಬ ಮಾಡುತ್ತಿದ್ದವರಿಗೆ ಅಲ್ಲಿಗೆ ಹೋಗಲು ಹೊತ್ತಿರಲಿಲ್ಲ. ಆಗಸ್ಟಿನಲ್ಲಿ ಕೆಸರಿನ ದಾರಿಯಲ್ಲಿ ಆನೆ ಹತ್ತಿ ಹೋದವರು ಸೋತು ಕೂತಿದ್ದ ಇಂದಿರಾಗಾಂಧಿ. ಅದು ನಾಟಕವೋ ಅನುಕಂಪವೋ, ಏನಾದರೂ ಅನ್ನಿ. ಅವರು ಹೋದದ್ದನ್ನು ಕೇರಿಗಳು ನೋಡಿಕೊಂಡವು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. 1980ರ ಜನವರಿಯಲ್ಲಿ ಉತ್ತರಪ್ರದೇಶವೇ 51 ಸೀಟು ಕೊಟ್ಟು ಕರೆತಂದಿತು. ಮೂರು ವರ್ಷವೂ ಆಗಿರಲಿಲ್ಲ. ಆಗ ಅವರನ್ನು ಕಿತ್ತುಹಾಕಿದವರು ಪಶ್ಚಾತ್ತಾಪ ಪಟ್ಟರೋ, ಇಲ್ಲ ಕಿತ್ತಾಡಿ ಬಿದ್ದ ಜನತಾ ಪಕ್ಷದ ಮುಖಕ್ಕೆ ಬಾಗಿಲು ಹಾಕಿದರೋ? ಎರಡೂ ಒಂದೇ ಅಲ್ಲ. ಮಾಡಿದ್ದು ತಪ್ಪಾಯಿತು ಅನ್ನುವುದು ಬೇರೆ, ಕೊಟ್ಟ ಮಾತಿಗೆ ಮೋಸವಾಯಿತು ಅನ್ನುವುದು ಬೇರೆ.

ನಮ್ಮನ್ನು ನಿಜವಾಗಿ ಕುಟುಕುವುದು 1977 ಅಲ್ಲ, 1980. 1979ರಲ್ಲಿ ಅರಸರಿಗೂ ಇಂದಿರಮ್ಮನಿಗೂ ಕೆಟ್ಟು, ಅರಸರು ಪಕ್ಷದಿಂದ ಹೊರಬಿದ್ದರು. ಮಾರನೇ ವರ್ಷದ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 27 ಇಂದಿರಮ್ಮನ ಕೈಗುರುತಿಗೆ. ಅರಸರ ಪಕ್ಷಕ್ಕೆ ಇಲ್ಲಿ ಸೊನ್ನೆ. ಸೈಟು ಕೊಟ್ಟವನು, ಹಾವನೂರು ವರದಿ ಬರೆಸಿದವನು, ಹಿಂದುಳಿದವರನ್ನು ವಿಧಾನಸೌಧದ ಮೆಟ್ಟಿಲು ಹತ್ತಿಸಿದವನು ಒಬ್ಬಂಟಿಯಾದ, 1982ರಲ್ಲಿ ತೀರಿಕೊಂಡ. ಅವನಿಂದ ಭೂಮಿ ಕಂಡ ಜನವೇ ಅವನನ್ನು ಬಿಟ್ಟರು. ಇದಕ್ಕೆ ಬೇಸರವಿಲ್ಲವಾ ಎಂದು ಅದೇ ಅಜ್ಜಿಯನ್ನು ಕೇಳಿದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅರಸು ಕೊಟ್ಟ ಅಂತ ನಮ್ಗೆ ಯಾರ್ ಹೇಳಿದ್ರು ಸಾಮಿ? ಎಲ್ರೂ ಅಮ್ಮ ಕೊಟ್ಳು ಅಮ್ಮ ಕೊಟ್ಳು ಅಂದ್ರು. ಹೇಳೋರು ಬಂದು ಹೇಳ್ಬೇಕಿತ್ತು.'

ಈ ಮಾತು ಅಜ್ಜಿಯದಾದರೂ ಬಂದು ತಾಗುವುದು ನಮ್ಮಂಥ ಓದು ಕಲಿತವರಿಗೆ. ಅರಸರೇ ಗೋಡೆಗಳ ಮೇಲೆ ಇಂದಿರಮ್ಮನ ಪಟ ಹಾಕಿಸಿ ಜನಕ್ಕೆ ಆ ಹೆಸರು ಕಲಿಸಿದರು. ಕಲಿತ ಹೆಸರನ್ನು ಜನ ಮರೆಯಲಿಲ್ಲ, ಅಷ್ಟೆ. ಮುಂದೆ ಗುಂಡೂರಾಯರ ಸರ್ಕಾರ ಬಂತು. 1980ರ ಜುಲೈನಲ್ಲಿ ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತು. 1983ರಲ್ಲಿ ಜನ ಕಾಂಗ್ರೆಸ್ಸನ್ನು ಈ ರಾಜ್ಯದಲ್ಲಿ ಮೊದಲ ಸಲ ಅಧಿಕಾರದಿಂದ ಇಳಿಸಿದರು. ಪಶ್ಚಾತ್ತಾಪ ಅನ್ನುವುದಿದ್ದರೆ ಅದಕ್ಕೂ ನಮ್ಮ ಜನಕ್ಕಿರುವುದು ಮುಂದಿನ ವೋಟು ಒಂದೇ ದಾರಿ. ಪೇಪರಿನಲ್ಲಿ ಪತ್ರ ಬರೆಯುವ ಅನುಕೂಲ ಅವರಿಗಿಲ್ಲ.

ಮುಂದಿನ ವೋಟೇ ಇಲ್ಲದ ಜನಮತಗಣನೆಯ ಕಥೆ ಬೇರೆ. ಅದನ್ನು ನಮ್ಮ ಹುಡುಗರು ತಿಳಿಯಬೇಕು. 1947ರ ಜುಲೈನಲ್ಲಿ ಅಸ್ಸಾಮಿನ ಸಿಲ್ಹಟ್ ಜಿಲ್ಲೆ ಭಾರತದಲ್ಲಿರಬೇಕೋ ಪೂರ್ವ ಬಂಗಾಳದ ಜೊತೆ ಪಾಕಿಸ್ತಾನಕ್ಕೆ ಹೋಗಬೇಕೋ ಎಂದು ಜನರನ್ನು ಕೇಳಿದರು. ಹೋಗಬೇಕು ಅಂದವರು 2,39,619. ಇರಬೇಕು ಅಂದವರು 1,84,041. ಚಹಾ ತೋಟದ ಕೂಲಿಗಳನ್ನು ಅಲೆಮಾರಿಗಳು ಎಂದು ಲೆಕ್ಕದಿಂದಲೇ ಬಿಟ್ಟಿದ್ದರು. ಬಂಗಾಳದ ದಲಿತ ನಾಯಕ ಜೋಗೇಂದ್ರನಾಥ ಮಂಡಲ್ ಮುಸ್ಲಿಂ ಲೀಗಿನ ಪರ ನಿಂತರು. ಬಾಬಾಸಾಹೇಬರು 1946ರಲ್ಲಿ ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಬರಲು ಹೆಗಲು ಕೊಟ್ಟವರೂ ಇದೇ ಮಂಡಲ್. ಹಿಂದೂ ಜಮೀನ್ದಾರನಿಗಿಂತ ಬಡ ಮುಸಲ್ಮಾನ ರೈತನೇ ನಮಗೆ ಹತ್ತಿರ ಎಂಬುದು ಅವರ ಎಣಿಕೆ. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ಪೂರ್ವ ಬಂಗಾಳದ ಗಲಭೆಗಳಲ್ಲಿ ತಮ್ಮ ಜನ ಸಾಯುವುದನ್ನು ಕಂಡು, ಅಕ್ಟೋಬರಿನಲ್ಲಿ ಉದ್ದನೆಯ ರಾಜೀನಾಮೆ ಪತ್ರ ಬರೆದಿಟ್ಟು ಕಲ್ಕತ್ತೆಗೆ ಬಂದುಬಿಟ್ಟರು. ನಾಯಕರಿಗೆ ತಿರುಗಿ ಬರಲು ದಾರಿ ಇತ್ತು. ಅವರನ್ನು ನಂಬಿದ ನಾಮಶೂದ್ರರಲ್ಲಿ ಎಷ್ಟೋ ಜನ ನಿರಾಶ್ರಿತರಾಗಿ ಬೀದಿಗೆ ಬಿದ್ದರು. ಮಂಡಲರನ್ನು ದ್ರೋಹಿ ಎನ್ನುವವರ ಜೊತೆ ನಾವಿಲ್ಲ. ಅವರ ಎಣಿಕೆಯಲ್ಲಿ ಹುರುಳಿತ್ತು. ಅದನ್ನು ಉಳಿಸಿಕೊಡುವ ರಾಜ್ಯ ಇರಲಿಲ್ಲ.

ಇಂಗ್ಲೆಂಡಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ. ಬಿಡಬೇಕು ಎಂದವರು ನೂರಕ್ಕೆ 51.9, ಇರಬೇಕು ಎಂದವರು 48.1. ಕೆಲವು ವರ್ಷಗಳಿಂದ ಸಮೀಕ್ಷೆಗಳಲ್ಲಿ ಬಿಟ್ಟದ್ದು ತಪ್ಪಾಯಿತು ಎನ್ನುವವರೇ ಹೆಚ್ಚು. ಆದರೆ ಅವರಲ್ಲಿ ಆವತ್ತು ವೋಟು ಹಾಕದೆ ಮನೆಯಲ್ಲಿದ್ದವರೂ, ಆಗ ವಯಸ್ಸಾಗಿರದ ಹುಡುಗರೂ ಸೇರಿದ್ದಾರೆ. ಅಂದರೆ ಒಬ್ಬರ ತೀರ್ಮಾನಕ್ಕೆ ಇನ್ನೊಬ್ಬರ ಪಶ್ಚಾತ್ತಾಪ. ಮುಚ್ಚಿದ ಕಾರ್ಖಾನೆಗಳ ಊರುಗಳಲ್ಲಿ ಬಿಡಬೇಕು ಎಂದು ಹಾಕಿದವರನ್ನು ಲಂಡನ್ನಿನವರು ತಿಳಿಗೇಡಿಗಳು ಎಂದರಂತೆ. ಆ ದನಿ ನಮಗೆ ಗುರುತಿನದು.

ನಮ್ಮ ತಾಲ್ಲೂಕಿಗೇ ಬರೋಣ. 2018ರಲ್ಲಿ ಚಿಕ್ಕಬಳ್ಳಾಪುರ ಡಾ. ಕೆ. ಸುಧಾಕರ್ ಅವರನ್ನು ಕಾಂಗ್ರೆಸ್ಸಿನಿಂದ ಗೆಲ್ಲಿಸಿತು. 2019ರಲ್ಲಿ ಅವರು ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಅದೇ ಮತದಾರರು ಅವರನ್ನೇ ಬೇರೆ ಗುರುತಿನಲ್ಲಿ ಗೆಲ್ಲಿಸಿದರು. 2023ರಲ್ಲಿ ಸೋಲಿಸಿದರು. ಮಾರನೇ ವರ್ಷ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಿಂದ ಗೆದ್ದು ಅವರು ದೆಹಲಿಗೆ ಹೋದರು. ಇದರಲ್ಲಿ ಪಶ್ಚಾತ್ತಾಪ ಯಾವುದು, ಯಾವುದರ ಮೇಲೆ? ಲೆಕ್ಕಕ್ಕೆ ಸಿಗುವುದಿಲ್ಲ. ನೀರಿನ ಮಾತು ಮಾತ್ರ ಪ್ರತಿ ಸಲವೂ ಅದೇ. 2014ರ ಲೋಕಸಭೆ ಚುನಾವಣೆಗೆ ಮುಂಚೆ ಮುದ್ದೇನಹಳ್ಳಿಯಲ್ಲಿ ಎತ್ತಿನಹೊಳೆ ಯೋಜನೆಗೆ ಕಲ್ಲು ಹಾಕಿದರು. ಹತ್ತು ವರ್ಷಕ್ಕೆ, 2024ರಲ್ಲಿ, ಸಕಲೇಶಪುರದ ಕಡೆ ಪಂಪು ಚಾಲೂ ಆಯಿತು. ಈ ನಡುವೆ ನಮ್ಮ ಕೆರೆಗಳಿಗೆ ಬಂದದ್ದು ಬೆಂಗಳೂರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧ ಮಾಡಿದ್ದು.

ಇನ್ನೊಂದು ಮಾತು ಹೇಳದೆ ಇದ್ದರೆ ನಾವು ಸುಳ್ಳುಗಾರರಾಗುತ್ತೇವೆ. ವೋಟು ಗುಟ್ಟು ಅನ್ನುತ್ತಾರೆ. ಎಣಿಕೆ ಬೂತುವಾರು ಹೊರಬರುತ್ತದೆ. ಕೇರಿಯವರೇ ಹೆಚ್ಚಿರುವ ಬೂತಿನಲ್ಲಿ ಯಾವ ಗುರುತಿಗೆ ಎಷ್ಟು ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಆಮೇಲೆ ಪಶ್ಚಾತ್ತಾಪ ಪಡುವಂತೆ ಮಾಡುವುದು ಸುಲಭ: ಚರಂಡಿ ಆಗುವುದಿಲ್ಲ, ಕೂಲಿಗೆ ಕರೆಯುವುದಿಲ್ಲ, ಕೊಳಾಯಿಯ ಸರದಿ ಬರುವುದಿಲ್ಲ. ಇದೇ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸುಟ್ಟ ಮನೆ ಕಣ್ಣೆದುರಿಗಿದ್ದರೂ ಸಾಕ್ಷಿಯ ಬಾಯಿ ಕಟ್ಟುವ ಒಂದು ಶಕ್ತಿ ಇದೆ. ಅದು ಬೂತಿನ ಬಾಗಿಲಲ್ಲಿ ಮಾತ್ರ ಸುಮ್ಮನೆ ನಿಂತಿರುತ್ತದಾ? ಭಯದಲ್ಲಿ ಹಾಕಿದ ವೋಟಿಗೆ ಪಶ್ಚಾತ್ತಾಪ ಯಾರು ಪಡಬೇಕು, ಪೇಟೆಯ ಗೆಳೆಯರು ಹೇಳಲಿ.

ಅಜ್ಜಿಯ ಮೊಮ್ಮಗನ ತಲೆಯಲ್ಲಿ ಈಗ ಬೇರೆ ಹುಳ ಹೊಕ್ಕಿದೆ. ಅವರ ಮನೆಯ ಟ್ರಂಕಿನಲ್ಲಿ ತಾತನ ಹೆಸರಿನ ಸಾಗುವಳಿ ಚೀಟಿ ಸಿಕ್ಕಿದೆ. ಭೂಮಿ ಕೈಬಿಟ್ಟು ಕಾಲವಾಯಿತು. ಈಗ ಅಲ್ಲಿ ಲೇಔಟಿನ ಬೇಲಿ. ನಮ್ಮವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅಪ್ಪಣೆ ಇಲ್ಲದೆ ಪರಭಾರೆ ಮಾಡಬಾರದೆಂಬ ಪಿಟಿಸಿಎಲ್ ಕಾಯಿದೆ ಅರಸರ ಕಾಲದ್ದೇ, 1978ರದ್ದು. ತಡವಾಗಿ ಬಂದ ಅರ್ಜಿಗಳು ನಿಲ್ಲುವುದಿಲ್ಲವೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಎಷ್ಟೋ ಕೇಸುಗಳು ಬಿದ್ದುಹೋದವು. ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ಬಂತು, ತಕರಾರು ಇನ್ನೂ ಮುಗಿದಿಲ್ಲ. ಹಳೇ ಚೀಟಿ, ಮಂಜೂರಾತಿ ಆದೇಶ, ಪಹಣಿ ಇದ್ದವರು ಅಸಲನ್ನು ಯಾರ ಕೈಗೂ ಕೊಡಬೇಡಿ. ಜೆರಾಕ್ಸು ತೆಗೆದುಕೊಂಡು ಭಾನುವಾರ ಶಾಲೆಯ ಹತ್ತಿರ ಬನ್ನಿ, ಕೂತು ಅರ್ಜಿ ಬರೆಯೋಣ.